ಸಾವಿನ ಮನೆಯ ತೋರಣ

"ಆಕಿ ಕೈ ಬಿಡಬ್ಯಾಡ್ರಿ."

ನನ್ನ ಹೆಂಡತಿ ಮಾಳವ್ವ ಕೊನೆಗೆ ಆಡಿದ ಮಾತು ಇಷ್ಟೇ. ಬಿಡೂದಿಲ್ಲ ಅಂದೆ. ಅವಳು ಕಣ್ಣು ಮುಚ್ಚಿದಳು. ಆಮೇಲೆ ತೆರೆಯಲಿಲ್ಲ.

ಈ ಮಾತನ್ನು ಮಠದ ಅಜ್ಜಾರ ಮುಂದೆ ಹೇಳಿದೆ. ಹೇಳಿ, ಕೇಳಿದೆ.

"ಅಜ್ಜಾರ, ಸಾಯೂ ಮುಂದ ಆಡಿದ ಮಾತು ಮೀರಬಹುದೇನ್ರಿ?"

ಅಜ್ಜಾರು ಮಠದ ಬಾಗಿಲ ಬದಿಯ ಗಿಡಕ್ಕೆ ಕತ್ತರಿ ಹಾಕುತ್ತಿದ್ದರು. ಅಂದಕ್ಕೆ ಹಚ್ಚಿದ ಗಿಡ. ನೀಲಿ ಹೂ ಬಿಡುತ್ತದೆ. ಆಮೇಲೆ ಜೋಳದ ಕಾಳಿಗಿಂತ ತುಸು ದಪ್ಪನೆಯ ಹಳದಿ ಹಣ್ಣು ಗೊಂಚಲುಗಟ್ಟಿ ಜೋತುಬೀಳುತ್ತದೆ. ಯಾರೋ ಭಕ್ತರು ಅದರ ಬುಡಕ್ಕೆ ಒಂದು ತಗಡಿನ ಬೋರ್ಡು ನಿಲ್ಲಿಸಿದ್ದರು. ನನಗೆ ಓದು ಅಷ್ಟಕ್ಕಷ್ಟೇ. ಕೂಡಿಸಿ ಕೂಡಿಸಿ ಓದಿದೆ. "ದುರಂತ. ಹಣ್ಣು ತಿನ್ನಬಾರದು" ಅಂತ ಇತ್ತು.

"ಗಿಡಕ್ಕ ಇಂಥಾ ಹೆಸರು ಯಾಕ್ರಿ?" ಅಂದೆ.

"ನರ್ಸರಿಯವರು ಡುರಾಂಟಾ ಅಂತಾರ. ಬಣ್ಣ ಹಚ್ಚಾಂವ ತನಗ ತಿಳಿದಂಗ ಬರದಾನ. ಓದಿದವರು ಹೆದರಿ ಹಣ್ಣು ಮುಟ್ಟೂದಿಲ್ಲ. ಹುಡುಗರು ತಿಂದ್ರ ಹೊಟ್ಟಿ ಕೆಡತದ. ಅದಕ್ಕ ಇರಲಿ ಅಂತ ಬಿಟ್ಟೀನಿ" ಅಂದರು. ಆಮೇಲೆ ಕೇಳಿದರು. "ಯಾರ ಕೈ ಬಿಡಬ್ಯಾಡ ಅಂದ್ಲು?"

"ಮಗಳದ್ರಿ. ಕೆಂಚವ್ವಂದು."

ನಾನು ಎಲ್ಲ ಹೇಳಿದೆ.

ಕೆಂಚವ್ವ ನಮ್ಮ ಒಬ್ಬಳೇ ಮಗಳು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅದಕ್ಕೆ ಮಾತೂ ಬರಲಿಲ್ಲ. ನಾವು ಕಂಬಳಿ ನೇಯುವವರು. ಮನೆ ದೊಡ್ಡ ರಸ್ತೆಯ ಮೇಲೆ ಇದೆ. ಚಿಕ್ಕವಳಿದ್ದಾಗ ಒಮ್ಮೆ ಲಾರಿಗೆ ಅಡ್ಡ ಹೋಗಿದ್ದಳು. ಡ್ರೈವರ್ ಹಾರ್ನ್ ಬಾರಿಸಿದ್ದೇ ಬಾರಿಸಿದ್ದು, ಇವಳಿಗೆ ಏನು ಕೇಳಬೇಕು? ಮಾಳವ್ವ ಓಡಿ ಹೋಗಿ ಕೈ ಹಿಡಿದು ಎಳೆದಳು. ಅಂದಿನಿಂದ ರಸ್ತೆಗೆ ಬಂದರೆ ಮಗಳ ಕೈ ತಾಯಿಯ ಕೈಯಲ್ಲಿ.

ಮಾಳವ್ವ ಹೋದ ಮೇಲೆ ನನ್ನ ಕೈಯಲ್ಲಿ. ಸಂತೆಗೆ ಹೋದರೂ ಹಿಡಿದಿರುತ್ತೇನೆ. ಗುಡಿಗೆ ಹೋದರೂ ಹಿಡಿದಿರುತ್ತೇನೆ. ಅವಳು ಈಗ ಬೆಳೆದ ಹೆಣ್ಣು. ಊರವರು ನೋಡಿ ನಗುತ್ತಾರೆ. ನಕ್ಕರೆ ನಗಲಿ.

ಈಗ ಒಂದು ಸಂಬಂಧ ಬಂದಿದೆ. ಹುಡುಗ ಹಾವೇರಿಯಲ್ಲಿ ಟೇಲರ್. ಅವನಿಗೂ ಕಿವಿ ಕೇಳುವುದಿಲ್ಲ. ತಾಯಿ ತಂದೆ ಒಳ್ಳೆಯವರು. ಮೊದಲ ಸಲ ಬಂದಾಗ ಆಗೂದಿಲ್ಲ ಅಂದೆ. ಅವರು ಮತ್ತೆ ಬಂದರು. ಮತ್ತೆ ಅದನ್ನೇ ಅಂದೆ. ಈಗ ಕೊನೆಯ ಮಾತು ಹೇಳಿ ಕಳಿಸಿದ್ದಾರೆ. ಸೋಮವಾರದೊಳಗೆ ಹೂಂ ಅನ್ನದಿದ್ದರೆ ಬೇರೆ ಕಡೆ ನೋಡುತ್ತಾರಂತೆ. ನಾನು ಅಜ್ಜಾರ ಹತ್ತಿರ ಹೋದದ್ದು ಭಾನುವಾರ.

"ನಮ್ಮ ಅಕ್ಕ ಬಾಯಿಗೆ ಬಂದಂಗ ಬೈತಾಳ್ರಿ" ಅಂದೆ. "ಮಗಳನ್ನೇನು ಉಪ್ಪಿನಕಾಯಿ ಹಾಕ್ತೀಯೋ ಅಂತಾಳ. ಆಕೀಗೇನು ಗೊತ್ತು? ಮಾತು ಕೊಟ್ಟಾಂವ ನಾನು."

"ಹುಡುಗನ ಮನಿಯವರು ಬಂದಾಗ ಮಗಳು ಎಲ್ಲಿದ್ಲು?" ಅಂತ ಅಜ್ಜಾರು ಕೇಳಿದರು.

"ನನ್ನ ಬಾಜೂಕೇ ಇದ್ಲರಿ. ಹೆದರಬಾರದಲ್ಲ. ಕೈ ಹಿಡಕೊಂಡೇ ಕೂತಿದ್ದೆ. ನಡುವ ಕೈ ಎತ್ತಾಕ ನೋಡಿದ್ಲು. ಸುಮ್ಮಕಿರು, ನಾ ಅದೀನಲ್ಲ ಅಂತ ಕೈ ಅದುಮಿದೆ. ಸುಮ್ಮಕಾದ್ಲು."

ಅಜ್ಜಾರು ಒಣಗಿದ ಒಂದು ಕಡ್ಡಿ ಕತ್ತರಿಸಿದರು. ಹಣ್ಣು ಉದುರಿ ಬರಿದಾದ ಒಂದು ಗೊಂಚಲು ಕತ್ತರಿಸಿದರು. ಹೊಸ ಕುಡಿಗಳು ಹೊರಗೆ ಚಾಚಿದ್ದವು. ಅವುಗಳಿಗೆ ಕತ್ತರಿ ತಾಗಿಸಲಿಲ್ಲ. ಕಟ್ಟೆಯ ಮೇಲೆ ಕುಳಿತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳು ಮುದುಕಿ ತಾಯಿ. ವ್ಯಾಪಾರಿ ದೂರದ ಪೇಟೆಯಲ್ಲಿ ಒಂದು ಮನೆಯ ಮುಂದೆ ಇದೇ ಗಿಡ ನೋಡಿದ. ಬಂದು ತಾಯಿಗೆ ಹೇಳಿದ.

"ಅವ್ವಾ, ಬಾಗಿಲ ತುಂಬ ಬಂಗಾರದ ಗುಂಡು ಜೋತು ಬಿದ್ದಂಗ ಕಾಣತದ."

"ಗಿಡಕ್ಕ ಬಂಗಾರ ಹತ್ತಿದ್ರ ನೀ ಯಾಕ ಊರೂರು ತಿರಗತಿದ್ದಿ?" ಅಂದಳು ಮುದುಕಿ.

ಅವಳು ನಂಬಲಿಲ್ಲ. ಆದರೆ ನೋಡುವ ಆಸೆಯಾಯಿತು. ಅವಳು ತನ್ನ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಇನ್ನು ಹೋಗುವ ವಯಸ್ಸೂ ಅಲ್ಲ. ಮುಂದಿನ ಸಲ ವ್ಯಾಪಾರಿ ಆ ಗಿಡದ ಕಡ್ಡಿಗಳನ್ನು ತಂದ. ಬಾಗಿಲ ಎರಡೂ ಬದಿಗೆ ಊರಿದ. ಒಬ್ಬ ಮಾಲಿಯನ್ನು ಇಟ್ಟ.

"ಜ್ವಾಕಿ ಮಾಡು. ಅವ್ವ ಇದರ ಹಣ್ಣು ನೋಡಬೇಕು" ಅಂದ. ಮತ್ತೆ ವ್ಯಾಪಾರಕ್ಕೆ ಹೋದ.

ಮಾಲಿ ನಿಯತ್ತಿನ ಮನುಷ್ಯ. ನೀರು ತಪ್ಪಿಸಲಿಲ್ಲ. ಗೊಬ್ಬರ ತಪ್ಪಿಸಲಿಲ್ಲ. ಕಡ್ಡಿ ಚಿಗುರಿತು, ಗಿಡವಾಯಿತು. ಒಂದು ದಿನ ಒಂದು ಕುಡಿ ದಾರಿಯ ಕಡೆ ಚಾಚಿತು. ಒಂದು ಆಡು ಬಂದು ಅದನ್ನು ತಿಂದಿತು. ಇನ್ನೊಂದು ಕುಡಿ ಎತ್ತರಕ್ಕೆ ಹೋಯಿತು. ಗಾಳಿ ಅದನ್ನು ಮುರಿಯಿತು. ಮಾಲಿಗೆ ಅಂದು ಊಟ ಸೇರಲಿಲ್ಲ. ಹೊರಗೆ ಬಂದದ್ದಕ್ಕೆ ಅಲ್ಲವೇ ಈ ಗತಿ ಅಂದುಕೊಂಡ. ಕತ್ತರಿ ತಂದ. ಅಂದಿನಿಂದ ಯಾವ ಕುಡಿ ಹೊರಗೆ ತಲೆ ಹಾಕಿದರೂ ಅಷ್ಟಕ್ಕೇ ಕತ್ತರಿಸಿದ.

ಗಿಡ ಒತ್ತಾಯಿತು. ಬೆರಳು ತೂರದಷ್ಟು ಒತ್ತಾಯಿತು. ಮೇಲೆ ಸಮ, ಬದಿಗೂ ಸಮ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಗೋಡೆ ಕಟ್ಟಿದಂತಿದೆ ಅಂದರು. ಮಾಲಿಗೆ ಹೆಮ್ಮೆಯಾಯಿತು. ಆಡು ಬಂದು ಮೂಸಿ ನೋಡಿ ಹೋಯಿತು. ಗಾಳಿಗೆ ಒಂದು ಎಲೆಯೂ ಅಲ್ಲಾಡಲಿಲ್ಲ.

ಮುದುಕಿ ದಿನವೂ ಬಾಗಿಲಲ್ಲಿ ಕೂರುತ್ತಿದ್ದಳು.

"ಏನೋ ತಮ್ಮಾ, ಮುಗೀತೇನು ಗಿಡದ್ದು ಹಜಾಮತಿ?" ಅನ್ನುತ್ತಿದ್ದಳು.

"ಮುಗೀತಬೇ."

"ಒಂದರೆ ಟೊಂಗಿ ಬಿಡೋ."

"ಬಿಟ್ರ ಆಡು ತಿಂತದಬೇ."

"ತಿಂದ್ರ ತಿನ್ನಲಿ, ತಗಿ. ಅದಕ್ಕೂ ಹೊಟ್ಟಿ ಅದ."

"ಸಾಹುಕಾರ್ರು ನನಗ ಜ್ವಾಕಿ ಮಾಡು ಅಂದಾರ. ಆಡಿಗೆ ಮೇಯಿಸು ಅಂದಿಲ್ಲ."

ಮುದುಕಿ ನಗುತ್ತಿದ್ದಳು. ಮಾಲಿಯೂ ನಗುತ್ತಿದ್ದ. ಅವಳ ಮೇಲೆ ಅವನಿಗೆ ಹೆತ್ತ ತಾಯಿಯಷ್ಟು ಮಮತೆ. ಅವಳು ನೋಡಬೇಕಾದ ಹಣ್ಣು ಅಂತಲೇ ಅವನು ಅಷ್ಟು ಕಾಯುತ್ತಿದ್ದ.

ಆ ಗಿಡ ಹೂ ಬಿಡುವುದು ಹೊಸ ಕುಡಿಯ ತುದಿಯಲ್ಲಿ. ಹಣ್ಣೂ ಅಲ್ಲೇ. ಮಾಲಿಗೆ ಇದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಒಂದು ತುದಿಯೂ ಅವನ ಕತ್ತರಿ ದಾಟಿ ಬೆಳೆದಿರಲಿಲ್ಲ.

ವ್ಯಾಪಾರಿ ಬಂದ. ಗಿಡ ನೋಡಿದ. ಹಣ್ಣು ಎಲ್ಲಿ ಅಂದ. ಇನ್ನೂ ಬಂದಿಲ್ಲ ಅಂದ ಮಾಲಿ. ಗೊಬ್ಬರ ಸಾಲದೇನೋ ಅಂದ ವ್ಯಾಪಾರಿ. ಮಾಲಿ ಇನ್ನೊಂದು ಬುಟ್ಟಿ ಗೊಬ್ಬರ ಹಾಕಿದ. ಗೊಬ್ಬರ ಬಿದ್ದ ಮೇಲೆ ಕುಡಿಗಳು ಇನ್ನೂ ಜೋರಾಗಿ ಬಂದವು. ಮಾಲಿ ಇನ್ನೂ ಜೋರಾಗಿ ಕತ್ತರಿಸಿದ.

ಮುದುಕಿ ಹಾಸಿಗೆ ಹಿಡಿದಳು. ನನ್ನ ಹೊರಸು ಬಾಗಿಲ ಎದುರಿಗೆ ಹಾಕ್ರಿ ಅಂದಳು. ಹಾಕಿದರು. ಅಲ್ಲಿಂದ ಗಿಡ ಕಾಣುತ್ತಿತ್ತು. ಬೆಳಗಾದರೆ ಅದರ ಕಡೆಗೇ ನೋಡುತ್ತಿದ್ದಳು. ಮಾಲಿ ಬಂದು ಅವಳ ಮುಂದೆ ನಿಲ್ಲುತ್ತಿದ್ದ.

"ಬಂತೇನೋ?" ಅನ್ನುತ್ತಿದ್ದಳು.

"ಬರತದಬೇ. ಕಣ್ಣಾಗ ಎಣ್ಣಿ ಬಿಟಗೊಂಡು ಕಾಯಾಕತ್ತೀನಿ" ಅನ್ನುತ್ತಿದ್ದ. ಅಂದು, ಹೋಗಿ ಕತ್ತರಿ ಹಿಡಿಯುತ್ತಿದ್ದ.

ಒಂದು ದಿನ ಮುದುಕಿ ಕೇಳಲಿಲ್ಲ. ಹಸಿರು ಗೋಡೆಯ ಕಡೆಗೆ ಮುಖ ಮಾಡಿಯೇ ತೀರಿಕೊಂಡಿದ್ದಳು.

ಮಣ್ಣು ಮಾಡಿ ಬಂದ ಮೇಲೆ ವ್ಯಾಪಾರಿ ಮನೆಯವರನ್ನು ಕರೆದ. ವರ್ಷ ತುಂಬುವ ತನಕ ಈ ಮನೆಗೆ ಯಾವ ಸಿಂಗಾರವೂ ಬೇಡ ಅಂದ. ಅದು ಆ ಊರಿನ ಪದ್ಧತಿ. ಗೋಡೆಗೆ ಸುಣ್ಣ ಇಲ್ಲ. ಅಂಗಳಕ್ಕೆ ರಂಗೋಲಿ ಇಲ್ಲ. ಹಬ್ಬಕ್ಕೆ ತೋರಣ ಇಲ್ಲ.

"ಗಿಡಕ್ಕ ಏನು ಮಾಡ್ಲಿರಿ?" ಅಂತ ಮಾಲಿ ಕೇಳಿದ.

"ಅದು ಯಾರ ಸಲುವಾಗಿ ಇನ್ನ? ನೀರು ಹಾಕು, ಸಾಕು. ಕತ್ತರಿ ಒಳಗಿಡು" ಅಂದ ವ್ಯಾಪಾರಿ.

ಮಾಲಿ ಕತ್ತರಿ ಒಳಗಿಟ್ಟ. ಅವನ ಕೈ ಸುಮ್ಮನೆ ಕೂರಲು ಒಪ್ಪಲಿಲ್ಲ. ಬೆಳಗ್ಗೆ ಗಿಡದ ಮುಂದೆ ಹೋಗಿ ನಿಲ್ಲುತ್ತಿದ್ದ. ಕೈ ಕಟ್ಟಿಕೊಂಡು ನೋಡುತ್ತಿದ್ದ. ಕುಡಿಗಳು ಎಲ್ಲ ಕಡೆಗೂ ಹೊರಬಂದವು. ಸಮ ಅನ್ನುವುದು ಹೋಯಿತು. ಮುಳ್ಳು ದಾರಿಹೋಕರ ಧೋತರಕ್ಕೆ ಸಿಕ್ಕಿತು. ಮನೆಯ ಹಿರಿಯಳು ಹೋದಳು, ಗಿಡಕ್ಕೆ ಹುಚ್ಚು ಹಿಡಿಯಿತು ಅಂದರು ಜನ. ಆಡು ಬಂತು. ಮಾಲಿ ಓಡಿಸಿದ. ಮತ್ತೆ ಬಂತು. ಕೆಲವು ಕುಡಿ ಆಡಿನ ಬಾಯಿಗೆ ಹೋದವು. ಕೆಲವನ್ನು ಗಾಳಿ ಮುರಿಯಿತು. ಮಾಲಿ ಮುರಿದ ಕುಡಿಗಳನ್ನು ಆಯ್ದು ಒಂದು ಕಡೆ ಇಟ್ಟ. ಉಳಿದವು ಬೆಳೆದವು. ಬೆಳೆದು, ತಮ್ಮ ಭಾರಕ್ಕೆ ತಾವೇ ಬಾಗಿದವು. ತುದಿಯಲ್ಲಿ ನೀಲಿ ಹೂ ಬಂತು.

ದೀಪಾವಳಿ ಬಂತು. ಓಣಿಯ ಮನೆಗಳಿಗೆಲ್ಲ ತೋರಣ ಕಟ್ಟಿದರು. ವ್ಯಾಪಾರಿಯ ಮನೆಯ ಬಾಗಿಲು ಮುಚ್ಚಿತ್ತು. ಅಮಾವಾಸ್ಯೆಯ ಮುಂಜಾನೆ ಓಣಿಯ ಹಿರಿಯರು ಆ ದಾರಿಯಲ್ಲಿ ಹೋಗುತ್ತಿದ್ದರು. ತಟ್ಟನೆ ನಿಂತರು. ಮುಚ್ಚಿದ ಬಾಗಿಲ ಸುತ್ತ ಬಂಗಾರದ ಬಣ್ಣದ ಮಣಿಸರಗಳು ಜೋತುಬಿದ್ದಿದ್ದವು. ಎಡಕ್ಕೆ, ಬಲಕ್ಕೆ, ತಲೆಯ ಮೇಲೆ. ಊರಿನ ಯಾವ ಮನೆಗೂ ಅಂಥ ತೋರಣ ಇರಲಿಲ್ಲ.

ಹಿರಿಯರಿಗೆ ಸಿಟ್ಟು ಬಂತು. ಬಾಗಿಲು ಬಡಿದರು. ವ್ಯಾಪಾರಿ ಹೊರಗೆ ಬಂದ.

"ಹಡದಾಕಿ ಸತ್ತು ವರ್ಷ ತುಂಬಿಲ್ಲ" ಅಂದ ಒಬ್ಬ ಹಿರಿಯ. "ಊರಾಗ ಯಾರೂ ಕಟ್ಟದ ತೋರಣ ನಿನ್ನ ಬಾಗಲಕ್ಕ! ನಾಚಿಕಿ ಅನ್ನೂದು ಅದನೋ ಇಲ್ಲೋ?"

ವ್ಯಾಪಾರಿ ತಿರುಗಿ ನೋಡಿದ. ಅವನು ದುಃಖದಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ, ತಲೆ ತಗ್ಗಿಸಿ ಬರುತ್ತಿದ್ದ. ಅವನೂ ಮೊದಲ ಸಲ ನೋಡಿದ್ದು ಆಗಲೇ. ಮಾಲಿಯನ್ನು ಕರೆದ.

"ಇದನ್ನ ಯಾರು ಕಟ್ಟಿದ್ದು?"

ಮಾಲಿ ಗೊಂಚಲುಗಳ ಕಡೆ ನೋಡಿದ. ಆಮೇಲೆ ಅಂದ.

"ಕಟ್ಟಿದ್ದಲ್ರಿ ಸಾಹುಕಾರ್ರ. ಬಿಟ್ಟದ್ದು."

ಹಿರಿಯರು ಹತ್ತಿರ ಬಂದು ಒಂದು ಗೊಂಚಲು ಮುಟ್ಟಿದರು. ಅದು ದಾರದಿಂದ ಬಂದಿರಲಿಲ್ಲ. ಕೊಂಬೆಯಿಂದ ಬಂದಿತ್ತು. ಅವರು ಒಬ್ಬರ ಹಿಂದೆ ಒಬ್ಬರು ಹೊರಟು ಹೋದರು. ವ್ಯಾಪಾರಿ ಒಳಗೆ ಹೋದ.

ಮಾಲಿಯೂ ಒಳಗೆ ಹೋದ. ಮುದುಕಿಯ ಹೊರಸು ಇದ್ದ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತ. ಅಲ್ಲಿಂದ ನೋಡಿದ. ಪ್ರತಿಯೊಂದು ಗೊಂಚಲೂ ಚೆನ್ನಾಗಿ ಕಾಣುತ್ತಿತ್ತು.

ಅಜ್ಜಾರು ಕತೆ ನಿಲ್ಲಿಸಿದರು.

ಕತೆ ತಿಳಿಯಿತು. ಆದರೆ ನನ್ನ ಎದೆಗೆ ಇಳಿಯಲಿಲ್ಲ. ಸಿಟ್ಟೂ ಬಂತು. ಅಜ್ಜಾರ ಮುಂದೆ ಸಿಟ್ಟು ಮಾಡಬಾರದು. ಆದರೂ ಅಂದೆ.

"ಅದು ಗಿಡರಿ ಅಜ್ಜಾರ. ಆಡು ತಿಂದ್ರ ಮತ್ತ ಚಿಗೀತದ. ಗಾಳಿಗೆ ಮುರದ್ರ ಇನ್ನೊಂದು ಬರತದ. ನಂದು ಮಗಳು. ಒಬ್ಬಾಕಿ. ನಾ ಬಿಟ್ಟ ಹೊತ್ತಿನ್ಯಾಗ ಲಾರಿ ಬಂದ್ರ?"

"ಖರೆ" ಅಂದರು ಅಜ್ಜಾರು. "ಬರಬಹುದು. ಬರೂದಿಲ್ಲ ಅಂತ ನಾ ಹೇಳಾಕ ಬರೂದಿಲ್ಲ."

"ಮತ್ತ? ಮಾಳವ್ವಗ ನಾ ಏನಂತ ಉತ್ತರ ಕೊಡ್ಲಿ? ಕೈ ಬಿಡಬ್ಯಾಡ ಅಂದಾಳ. ಒಂದು ದಿವಸ ಬಿಟ್ಟಿಲ್ಲ ನಾನು."

ಅಜ್ಜಾರು ನನ್ನ ಕೈ ನೋಡಿದರು. ನಾನು ನನಗೆ ತಿಳಿಯದೆ ಮುಷ್ಟಿ ಕಟ್ಟಿದ್ದೆ.

"ನಿನ್ನ ಮಗಳು ಮಾತಾಡೂದು ಯಾತರಲೆ?" ಅಂತ ಕೇಳಿದರು.

"ಕಿವಿ ಇಲ್ಲ, ಬಾಯಿ ಇಲ್ಲ. ಇನ್ನ ಯಾತರಲೆ ಮಾತಾಡತಾಳ್ರಿ? ಕೈಲೇ."

"ಹಂಗಾದ್ರ ಇಷ್ಟು ದಿವಸ ನೀ ಹಿಡಕೊಂಡಿದ್ದು ಆಕಿ ಬಾಯಿ" ಅಂದರು.

ಎದ್ದು ನಮಸ್ಕಾರ ಮಾಡಿ ಬಂದೆ.

ಮರುದಿನ ಬೆಳಿಗ್ಗೆ ಕೆಂಚವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಎದುರಿಗೆ ಹೋಗಿ ಕೂತೆ. ಅವಳ ತಾಯಿಗೆ ಕೈಮಾತು ಚೆನ್ನಾಗಿ ಬರುತ್ತಿತ್ತು. ನನಗೆ ಊಟ, ನೀರು, ಬಾ, ಮಲಗು, ಇಷ್ಟು ಬರುತ್ತದೆ. ಬಂದಷ್ಟರಲ್ಲೇ ಕೇಳಬೇಕು. ಹೊಲಿಗೆ ಮಷಿನ್ನಿನ ಗಾಲಿ ತಿರುಗಿಸಿದಂತೆ ಮಾಡಿದೆ. ಅವಳು ರೊಟ್ಟಿ ಬಿಟ್ಟು ನನ್ನ ಕಡೆ ನೋಡಿದಳು. ತಾಳಿ ಅಂತ ತೋರಿಸಲು ಕೈಯನ್ನು ಕೊರಳ ಕಡೆಗೆ ತಂದೆ.

ಕೈ ಕೊರಳು ಮುಟ್ಟುವ ಮೊದಲೇ ಅವಳು ಹೂಂ ಅಂತ ತಲೆ ಆಡಿಸಿದಳು.

ಹೆಂಚಿನ ಮೇಲಿನ ರೊಟ್ಟಿ ಸುಟ್ಟಿತು. ಅವಳು ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಮಾತಾಡಲು ಶುರು ಮಾಡಿದಳು. ಬಹಳ ಮಾತಾಡಿದಳು. ನಡುವೆ ಅತ್ತಳು. ನಡುವೆ ನಕ್ಕಳು. ಒಂದು ಸಲ ನನ್ನ ಕಡೆ ಬೆರಳು ತೋರಿಸಿ, ತನ್ನ ಮಣಿಕಟ್ಟನ್ನು ತಾನೇ ಬಿಗಿಯಾಗಿ ಹಿಡಿದು ತೋರಿಸಿದಳು. ಅದೊಂದು ತಿಳಿಯಿತು. ಉಳಿದದ್ದು ನನಗೆ ಅರ್ಧವೂ ತಿಳಿಯಲಿಲ್ಲ. ತಿಳಿಸಿ ಹೇಳುವವಳು ಇಲ್ಲ.

ನಾನು ತಡೆಯಲಿಲ್ಲ. ಅವಳು ಮುಗಿಸುವ ತನಕ ಕೂತಿದ್ದೆ. ಆಮೇಲೆ ಎದ್ದು ಹಾವೇರಿ ಬಸ್ಸಿಗೆ ಹೋದೆ.